ಕೊನೆಯ ದಿನಾಂಕ ನಿಮ್ಮ ಜೇಬಿನಲ್ಲಿರಲಿ: ಆಪರೇಟಿಂಗ್ ಸಿಸ್ಟಂ ಬದಲಾದಾಗಲೂ ಆಫೀಸಿನಲ್ಲಿ ಗೆಲ್ಲುವ 11 ಸೂತ್ರಗಳು

2025ರ ಅಕ್ಟೋಬರ್ 14, ಮಂಗಳವಾರ. ದೀಪಾವಳಿಗೆ ಇನ್ನೊಂದೇ ವಾರ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಉಚಿತ ಸಪೋರ್ಟ್ ಅಂದು ನಿಂತಿತು. ಆಫೀಸ್ 2016 ಮತ್ತು ಆಫೀಸ್ 2019ರ ಆಯುಷ್ಯವೂ ಅದೇ ದಿನ ಮುಗಿಯಿತು. ಇದರಲ್ಲಿ ಗುಟ್ಟು ಏನೂ ಇರಲಿಲ್ಲ. ದಿನಾಂಕ ವರ್ಷಗಳ ಹಿಂದೆಯೇ ಪ್ರಕಟವಾಗಿತ್ತು. ಆದರೂ ನಮ್ಮ ಸುತ್ತಲಿನ ಆಫೀಸುಗಳಲ್ಲಿ ಬಹಳಷ್ಟು ಜನ ಕಣ್ಣು ಬಿಟ್ಟಿದ್ದು ಸ್ಕ್ರೀನ್ ಮೇಲೆ ಎಚ್ಚರಿಕೆಯ ಸಂದೇಶ ಬಂದ ಮೇಲೆಯೇ.

ಆಫೀಸುಗಳು ಅಪ್‌ಡೇಟ್‌ನಿಂದ ಸೋಲುವುದು ಕಡಿಮೆ. ಆ ದಿನಾಂಕ ಯಾರ ಜವಾಬ್ದಾರಿ ಎಂದು ಗೊತ್ತಿಲ್ಲದೆ ಸೋಲುವುದೇ ಹೆಚ್ಚು. ಆ ಜವಾಬ್ದಾರಿ ಹೊರುವವರು ನೀವಾಗಿ. ಐಟಿ ವಿಭಾಗದವರೇ ಆಗಬೇಕಿಲ್ಲ. ಅಕೌಂಟ್ಸ್, ಸ್ಟೋರ್ಸ್, ಅಡ್ಮಿನ್ ಎಲ್ಲಿದ್ದರೂ ಸರಿ. "ಇದೆಲ್ಲ ನನಗೆ ತಿಳಿಯಲ್ಲ" ಎಂದು ಹಿಂದೆ ಸರಿಯುವುದು ಬರೀ ಅಭ್ಯಾಸ. ಅಭ್ಯಾಸವನ್ನು ಬದಲಿಸಬಹುದು. ಇಂದೇ ಬದಲಿಸಿ.

1. ಬಿಡುಗಡೆಗಿಂತ ಮುಕ್ತಾಯದ ದಿನ ನೆನಪಿಡಿ

ಹೊಸ ವಿಂಡೋಸ್ ಬಂದಾಗ ಸುದ್ದಿಯಾಗುತ್ತದೆ. ಹಳೆಯದು ಮುಗಿದಾಗ ಸದ್ದೇ ಇರುವುದಿಲ್ಲ. ವ್ಯವಹಾರಕ್ಕೆ ಪೆಟ್ಟು ಬೀಳುವುದು ಆ ಸದ್ದಿಲ್ಲದ ದಿನ. ಎಕ್ಸ್‌ಪಿ 2001ರಲ್ಲಿ ಬಂತು, 2014ರ ಏಪ್ರಿಲ್ 8ಕ್ಕೆ ಮುಗಿಯಿತು. ವಿಂಡೋಸ್ 7 ಬಂದದ್ದು 2009ರಲ್ಲಿ, ಮುಗಿದದ್ದು 2020ರ ಜನವರಿ 14ಕ್ಕೆ. ವಿಂಡೋಸ್ 10ಕ್ಕೆ ಸಿಕ್ಕಿದ್ದು 10 ವರ್ಷ. ಈಗ ಲೆಕ್ಕವೇ ಬೇರೆ. ವಿಂಡೋಸ್ 11ರ ಪ್ರತಿ ವಾರ್ಷಿಕ ಆವೃತ್ತಿಗೂ ತನ್ನದೇ ಆಯುಷ್ಯವಿದೆ: ಹೋಂ ಮತ್ತು ಪ್ರೊಗೆ 24 ತಿಂಗಳು, ಎಂಟರ್‌ಪ್ರೈಸ್ ಮತ್ತು ಎಜುಕೇಶನ್‌ಗೆ 36 ತಿಂಗಳು. "ನಮ್ಮಲ್ಲಿ ವಿಂಡೋಸ್ 11 ಇದೆ, ಚಿಂತೆ ಇಲ್ಲ" ಎಂದರೆ ಸಾಲದು. ಯಾವ ಆವೃತ್ತಿ ಎಂದು ಕೇಳಿ.

ಇವನ್ನೂ ಡೈರಿಯಲ್ಲಿ ಬರೆದುಕೊಳ್ಳಿ. ಎಸ್‌ಕ್ಯುಎಲ್ ಸರ್ವರ್ 2016ಕ್ಕೆ 2026ರ ಜುಲೈ 14 ಕೊನೆ. ವಿಂಡೋಸ್ ಸರ್ವರ್ 2016ಕ್ಕೆ 2027ರ ಜನವರಿ 12. ನಿಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್ ಈ ಎರಡರ ಮೇಲೆ ನಿಂತಿದ್ದರೆ ಕೆಲಸ ಈಗಲೇ ಶುರು ಮಾಡಿ.

2. ಮೊದಲು ಪಟ್ಟಿ, ಆಮೇಲೆ ಮಾತು

ಒಂದು ಎಕ್ಸೆಲ್ ಶೀಟ್ ತೆರೆಯಿರಿ. ಪ್ರತಿ ಕಂಪ್ಯೂಟರಿಗೆ ಒಂದು ಸಾಲು ಕೊಡಿ. ಯಾರು ಬಳಸುತ್ತಾರೆ, ಯಾವ ಆವೃತ್ತಿ, ಪ್ರೊಸೆಸರ್ ಯಾವುದು, ಎಷ್ಟು ರ್‍ಯಾಮ್, ಟಿಪಿಎಂ 2.0 ಇದೆಯೇ, ಯಾವ ಪ್ರಿಂಟರ್ ಜೋಡಿಸಿದೆ ಎಲ್ಲವನ್ನೂ ತುಂಬಿ. ಟಿಪಿಎಂ ಎಂದರೆ ಗೂಢಲಿಪಿಯ ಕೀಲಿಗಳನ್ನು ಭದ್ರವಾಗಿಡುವ ಚಿಪ್. ವಿಂಡೋಸ್ 11 ಅಧಿಕೃತವಾಗಿ ಅದನ್ನು ಕೇಳುತ್ತದೆ. ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರಿನ ಪ್ರೊಸೆಸರ್ ಅಥವಾ ಅದಕ್ಕಿಂತ ಹೊಸದು ಬೇಕು. ಗಟ್ಟಿಮುಟ್ಟಾಗಿ ಓಡುತ್ತಿರುವ ಎಷ್ಟೋ ಯಂತ್ರಗಳು ಈ ಒಂದೇ ಕಾರಣಕ್ಕೆ ಹೊರಗುಳಿದವು.

ಪಟ್ಟಿ ಇದ್ದವರ ಮಾತಿಗೆ ಮೀಟಿಂಗ್‌ನಲ್ಲಿ ತೂಕ ಬರುತ್ತದೆ. ಉಳಿದವರು "ಸುಮಾರು ಅಷ್ಟಿರಬಹುದು" ಎನ್ನುತ್ತಾರೆ. ನೀವು ಸಂಖ್ಯೆ ಹೇಳುತ್ತೀರಿ.

3. "ನಡೀತಾ ಇದೆಯಲ್ಲ" ಎಂಬ ಮಾತನ್ನು ಬಿಟ್ಟುಬಿಡಿ

ಬಹಳ ದುಬಾರಿ ಮಾತಿದು. ಎಷ್ಟು ದುಬಾರಿ ಎಂದು ತಿಳಿಯಲು 2017ರ ಮೇ ತಿಂಗಳಿಗೆ ಹೋಗಿ.

ವಿಂಡೋಸ್‌ನ ಫೈಲ್ ಹಂಚಿಕೆ ವ್ಯವಸ್ಥೆಯಲ್ಲಿ ಒಂದು ದೋಷವಿತ್ತು. ಮಾರ್ಚ್ 14ರಂದು ಮೈಕ್ರೋಸಾಫ್ಟ್ ಅದಕ್ಕೆ ಪ್ಯಾಚ್ ಕೊಟ್ಟಿತು. ಮೇ 12ರಂದು ವಾನಾಕ್ರೈ ದಾಳಿ ಶುರುವಾಯಿತು. ನಡುವೆ ಸಿಕ್ಕಿದ್ದು 59 ದಿನ. ಆ 59 ದಿನಗಳಲ್ಲಿ ಪ್ಯಾಚ್ ಹಾಕಿಕೊಂಡವರ ಯಂತ್ರಗಳಲ್ಲಿ ಆ ಬಾಗಿಲು ಮುಚ್ಚಿತ್ತು. ಹಾಕದವರ ಫೈಲುಗಳಿಗೆ ಬೀಗ ಬಿತ್ತು, ಬಿಡಿಸಲು ಬಿಟ್‌ಕಾಯಿನ್‌ನಲ್ಲಿ ಹಣ ಕೇಳಿದರು. ಸುಮಾರು 150 ದೇಶಗಳ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳು ಸಿಕ್ಕಿಬಿದ್ದವು. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ ಸುಮಾರು 19,000 ಅಪಾಯಿಂಟ್‌ಮೆಂಟ್‌ಗಳು ರದ್ದಾದವು ಎಂದು ಅಲ್ಲಿನ ಲೆಕ್ಕಪರಿಶೋಧಕರು ಅಂದಾಜು ಮಾಡಿದರು. ರೋಗಿಗಳು ಬಾಗಿಲಲ್ಲಿ ನಿಂತಿದ್ದರು, ದಾಖಲೆಗಳು ತೆರೆಯಲಿಲ್ಲ.

ಅಂದು ಎಲ್ಲರೂ ಬೈದದ್ದು ಎಕ್ಸ್‌ಪಿಯನ್ನು. ಆದರೆ ಬಲಿಯಾದವುಗಳಲ್ಲಿ ಹೆಚ್ಚಿನವು ವಿಂಡೋಸ್ 7 ಯಂತ್ರಗಳು. ಅದಕ್ಕೆ ಆಗ ಸಪೋರ್ಟ್ ಇತ್ತು, ಪ್ಯಾಚೂ ಸಿಗುತ್ತಿತ್ತು. ಸಿಕ್ಕಿದ್ದನ್ನು ಹಾಕಿಕೊಂಡಿರಲಿಲ್ಲ, ಅಷ್ಟೆ. ಸಪೋರ್ಟ್ ಇರುವ ಸಿಸ್ಟಂ ಇಟ್ಟುಕೊಂಡರೆ ಅರ್ಧ ಕೆಲಸ ಮುಗಿಯಿತು. ಅಪ್‌ಡೇಟ್ ಒತ್ತುವುದು ಉಳಿದರ್ಧ. ಎರಡನ್ನೂ ಮಾಡಿ.

4. ಬಿಡುಗಡೆಯಾದ ದಿನವೇ ಹಾರಬೇಡಿ

ಬೇಗ ಹೋಗುವುದು ಬೇರೆ, ದುಡುಕುವುದು ಬೇರೆ. 2018ರ ಅಕ್ಟೋಬರ್ 2ರಂದು ವಿಂಡೋಸ್ 10ರ 1809 ಆವೃತ್ತಿ ಬಂತು. ಹಾಕಿಕೊಂಡ ಕೆಲವರ ಡಾಕ್ಯುಮೆಂಟ್ ಫೈಲುಗಳೇ ಮಾಯವಾದವು. ನಾಲ್ಕೇ ದಿನಗಳಲ್ಲಿ ಮೈಕ್ರೋಸಾಫ್ಟ್ ಅದರ ವಿತರಣೆಯನ್ನು ತಡೆಹಿಡಿಯಿತು, ನವೆಂಬರ್ 13ರಂದು ಮತ್ತೆ ಬಿಟ್ಟಿತು. ಒಂದೂವರೆ ತಿಂಗಳು ಕಾದಿದ್ದವರು ಏನನ್ನೂ ಕಳೆದುಕೊಳ್ಳಲಿಲ್ಲ.

ಎರಡು ಬಗೆಯ ಅಪ್‌ಡೇಟ್‌ಗಳನ್ನು ಬೇರೆ ಬೇರೆಯಾಗಿ ನೋಡುವುದನ್ನು ಕಲಿಯಿರಿ. ತಿಂಗಳಿಗೊಮ್ಮೆ ಬರುವ ಭದ್ರತಾ ಪ್ಯಾಚನ್ನು ಕೆಲವೇ ದಿನಗಳಲ್ಲಿ ಹಾಕಿ. ವರ್ಷಕ್ಕೊಮ್ಮೆ ಬರುವ ದೊಡ್ಡ ಆವೃತ್ತಿಗೆ ಎರಡು ಮೂರು ತಿಂಗಳು ಕಾಯಿರಿ. ವಿಂಡೋಸ್ ಪ್ರೊದಲ್ಲಿ ಪಾಲಿಸಿ ಮೂಲಕ ದೊಡ್ಡ ಅಪ್‌ಡೇಟನ್ನು 365 ದಿನಗಳವರೆಗೆ, ತಿಂಗಳ ಪ್ಯಾಚನ್ನು 30 ದಿನಗಳವರೆಗೆ ಮುಂದೂಡಬಹುದು. ಈ ಸೌಲಭ್ಯ ಇರುವುದು ವ್ಯವಹಾರಸ್ಥರಿಗಾಗಿಯೇ. ಆಫೀಸಿಗೆ ಹೋಂ ಎಡಿಷನ್ ಕೊಂಡು ಉಳಿಸಿದ ಹಣ ಇಂಥ ಕಡೆ ಕೈಬಿಟ್ಟು ಹೋಗುತ್ತದೆ. ಖರೀದಿಯ ಹೊತ್ತಿನಲ್ಲೇ ಪ್ರೊ ಕೇಳಿ.

5. ಎರಡನೇ ಮಂಗಳವಾರ ಮತ್ತು ಜಿಎಸ್‌ಟಿ ಒಂದೇ ಕ್ಯಾಲೆಂಡರಿನಲ್ಲಿರಲಿ

ಈ ಸೂತ್ರವನ್ನು ಎರಡು ಸಲ ಓದಿ.

2003ರಿಂದ ಮೈಕ್ರೋಸಾಫ್ಟ್ ಪ್ರತಿ ತಿಂಗಳ ಎರಡನೇ ಮಂಗಳವಾರ ಭದ್ರತಾ ಪ್ಯಾಚ್ ಬಿಡುತ್ತಿದೆ. ಅಮೆರಿಕದ ಪಶ್ಚಿಮ ಕರಾವಳಿಯ ಬೆಳಗಿನ 10 ಗಂಟೆಗೆ ಅದು ಹೊರಬರುತ್ತದೆ. ನಮ್ಮಲ್ಲಿ ಆಗ ರಾತ್ರಿ 10.30, ಅವರ ಚಳಿಗಾಲದಲ್ಲಾದರೆ 11.30. ಅಂದರೆ ಹುಬ್ಬಳ್ಳಿಯ ಆಫೀಸಿಗೆ ಪ್ಯಾಚ್ ತಲುಪುವುದು ಬುಧವಾರ ಬೆಳಗ್ಗೆ. ಎರಡನೇ ಮಂಗಳವಾರ ಯಾವ ತಿಂಗಳಲ್ಲೂ 8ರಿಂದ 14ರೊಳಗೇ ಬೀಳುತ್ತದೆ. ಬುಧವಾರ 9ರಿಂದ 15ರೊಳಗೆ.

ಈಗ ನಿಮ್ಮ ಅಕೌಂಟ್ಸ್ ವಿಭಾಗದ ಕ್ಯಾಲೆಂಡರ್ ನೋಡಿ. ತಿಂಗಳು ತಿಂಗಳು ಸಲ್ಲಿಸುವವರಿಗೆ ಜಿಎಸ್‌ಟಿಆರ್-1ರ ಕೊನೆಯ ದಿನ 11, ಜಿಎಸ್‌ಟಿಆರ್-3ಬಿಗೆ 20. ಪ್ಯಾಚ್ ಬರುವ ವಾರವೂ ರಿಟರ್ನ್ಸ್ ತುಂಬುವ ವಾರವೂ ಬಹಳ ತಿಂಗಳು ಡಿಕ್ಕಿ ಹೊಡೆಯುತ್ತವೆ. 11ರ ಸಂಜೆ ಡಿಜಿಟಲ್ ಸಿಗ್ನೇಚರ್ ಟೋಕನ್ ಹಾಕಿ ಸಹಿ ಮಾಡುವ ಹೊತ್ತಿಗೆ ಸಿಸ್ಟಂ ರೀಸ್ಟಾರ್ಟ್ ಆಗಿ, ಟೋಕನ್ನಿನ ಡ್ರೈವರ್ ಕೈಕೊಟ್ಟರೆ? ಆ ಒತ್ತಡ ನಿಮ್ಮ ಆಫೀಸಿಗೆ ಬೇಡ.

ಹೀಗೆ ಮಾಡಿ. ಪ್ಯಾಚ್ ಬಂದ ಬುಧವಾರ ಒಂದೆರಡು ಪರೀಕ್ಷಾ ಯಂತ್ರಗಳಿಗೆ ಮಾತ್ರ ಹಾಕಿ. ಗುರುವಾರ, ಶುಕ್ರವಾರ ಗಮನಿಸಿ. ಶನಿವಾರ ಮಧ್ಯಾಹ್ನ ಉಳಿದವಕ್ಕೆ ಹಾಕಿ. ಆ ಶನಿವಾರ 12ರಿಂದ 18ರೊಳಗೆ ಬರುತ್ತದೆ. 11 ಕಳೆದಿರುತ್ತದೆ, 20ಕ್ಕೆ ಇನ್ನೂ ಸಮಯವಿರುತ್ತದೆ. 12 ತಿಂಗಳಿಗೂ ಹೊಂದುವ ಲೆಕ್ಕವಿದು. ಸಮಾಧಾನವಾಗದಿದ್ದರೆ ಕ್ಯಾಲೆಂಡರ್ ತೆಗೆದು ನೀವೇ ಎಣಿಸಿ. ಆಮೇಲೆ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ. ಮಾರ್ಚ್ ಕೊನೆಯ ವಾರ ಮಾತ್ರ ದೊಡ್ಡ ಆವೃತ್ತಿಯ ಬದಲಾವಣೆಗೆ ಕೈ ಹಾಕಲೇಬೇಡಿ.

6. ಎಲ್ಲ ಯಂತ್ರಗಳಿಗೂ ಒಂದೇ ದಿನ ಹಾಕಬೇಡಿ

40 ಕಂಪ್ಯೂಟರಿನ ಆಫೀಸಾದರೆ ಮೊದಲು 2, ಆಮೇಲೆ 8, ಕೊನೆಗೆ 30. ಮೊದಲ ಎರಡರಲ್ಲಿ ಒಂದು ನಿಮ್ಮದೇ ಆಗಿರಲಿ. ನೀವು ತೊಂದರೆ ತಗೊಂಡದ್ದು ಕಂಡರೆ ಉಳಿದವರು ನಂಬುತ್ತಾರೆ.

ಒಟ್ಟಿಗೇ ಹಾಕಿದರೆ ಏನಾಗುತ್ತದೆ ಎಂಬುದನ್ನು ಜಗತ್ತು 2024ರ ಜುಲೈ 19ರಂದು ನೋಡಿತು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಒಂದು ದೋಷಪೂರ್ಣ ಫೈಲ್ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ನೀಲಿ ಪರದೆಗೆ ತಂದು ನಿಲ್ಲಿಸಿತು. ಬೆಂಗಳೂರು ಸೇರಿದಂತೆ ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲೂ ಚೆಕ್-ಇನ್ ಅಸ್ತವ್ಯಸ್ತವಾಯಿತು. ದೇಶದ ಹಲವೆಡೆ ಬೋರ್ಡಿಂಗ್ ಪಾಸ್‌ಗಳನ್ನು ಕೈಯಲ್ಲಿ ಬರೆದುಕೊಟ್ಟರು. ಅದು ವಿಂಡೋಸ್‌ನ ಅಪ್‌ಡೇಟ್ ಆಗಿರಲಿಲ್ಲ. ಪಾಠ ಮಾತ್ರ ಅದೇ: ಹಂತ ಹಂತವಾಗಿ ಬಿಡಿ. ಆ ಘಟನೆಯ ನಂತರ ಕ್ರೌಡ್‌ಸ್ಟ್ರೈಕ್ ಕೂಡ ಅಂಥ ಫೈಲುಗಳನ್ನು ಹಂತ ಹಂತವಾಗಿ ಕಳಿಸುವ ಕ್ರಮ ತಂದಿತು.

7. ಕೆಲಸಕ್ಕೆ ತಕ್ಕ ಚಕ್ರ ಆರಿಸಿ

ಲಿನಕ್ಸ್ ಸಿಸ್ಟಂ ಆದ ಉಬುಂಟುವಿನ ಹೆಸರಿನಲ್ಲೇ ದಿನಾಂಕವಿದೆ. 24.04 ಎಂದರೆ 2024ರ ಏಪ್ರಿಲ್. ಏಪ್ರಿಲ್ ಮತ್ತು ಅಕ್ಟೋಬರಿನಲ್ಲಿ ಹೊಸದು ಬರುತ್ತದೆ. ಅವುಗಳಲ್ಲಿ ಎರಡು ವರ್ಷಕ್ಕೊಮ್ಮೆ ಬರುವ ಎಲ್‌ಟಿಎಸ್ ಆವೃತ್ತಿಗೆ ಮಾತ್ರ ಐದು ವರ್ಷದ ಸಾಮಾನ್ಯ ಸಪೋರ್ಟ್. ಉಳಿದವಕ್ಕೆ ಒಂಬತ್ತೇ ತಿಂಗಳು. ವ್ಯವಹಾರದ ಸರ್ವರ್‌ಗೆ ಎಲ್‌ಟಿಎಸ್ ಬಿಟ್ಟು ಬೇರೆ ಹಾಕಬೇಡಿ. ಮ್ಯಾಕ್ ಬಳಸುವವರಿಗೂ ಇದು ಅನ್ವಯ. ಆಪಲ್ ವರ್ಷಕ್ಕೊಂದು ಆವೃತ್ತಿ ಬಿಡುತ್ತದೆ, ಹಳೆಯದನ್ನು ಧಾರಾಳವಾಗಿ ಕೈಬಿಡುತ್ತದೆ. 2019ರಲ್ಲಿ ಕ್ಯಾಟಲಿನಾ ಬಂದಾಗ 32-ಬಿಟ್ ಸಾಫ್ಟ್‌ವೇರ್‌ಗಳೆಲ್ಲ ಒಮ್ಮೆಲೇ ನಿಂತವು.

ಉಚಿತ ಸಿಸ್ಟಂ ನಂಬುವಾಗ ಬದಲಿ ದಾರಿಯನ್ನೂ ಗುರುತಿಸಿಟ್ಟುಕೊಳ್ಳಿ. ಸೆಂಟ್‌ಒಎಸ್ 8ಕ್ಕೆ 2029ರವರೆಗೆ ಸಪೋರ್ಟ್ ಇರುತ್ತದೆಂದು ನಂಬಿ ಕಂಪನಿಗಳು ಸರ್ವರ್ ಕಟ್ಟಿದ್ದವು. 2020ರ ಡಿಸೆಂಬರ್‌ನಲ್ಲಿ ಪ್ರಕಟಣೆ ಬಂತು: 2021ರ ಡಿಸೆಂಬರ್ 31ಕ್ಕೇ ಮುಕ್ತಾಯ. ಒಂದೇ ವರ್ಷದ ಗಡುವು. ರಾಕಿ ಲಿನಕ್ಸ್, ಆಲ್ಮಾಲಿನಕ್ಸ್ ಹುಟ್ಟಿದ್ದು ಆ ಪೆಟ್ಟಿನಿಂದಲೇ. ಸೆಟಪ್‌ನ ಪ್ರತಿ ಹೆಜ್ಜೆಯನ್ನೂ ಬರೆದಿಟ್ಟುಕೊಂಡಿದ್ದ ತಂಡಗಳಿಗೆ ಸ್ಥಳಾಂತರ ಸುಲಭ. ನೀವೂ ಬರೆದಿಡಿ.

8. ಮಾಲೀಕರೊಂದಿಗೆ ರೂಪಾಯಿಯ ಭಾಷೆಯಲ್ಲಿ ಮಾತಾಡಿ

"ಸರ್, ಸಪೋರ್ಟ್ ಮುಗಿದಿದೆ, ಸೆಕ್ಯುರಿಟಿ ರಿಸ್ಕ್ ಇದೆ" ಎಂದರೆ "ನೋಡೋಣ ಬಿಡಪ್ಪ" ಎಂಬ ಉತ್ತರ ಬರುತ್ತದೆ. ಮಾತು ಬದಲಿಸಿ.

ವಿಂಡೋಸ್ 10ನ್ನೇ ಮುಂದುವರಿಸಲು ಸಂಸ್ಥೆಗಳಿಗೆ ಮೈಕ್ರೋಸಾಫ್ಟ್ ಹಣ ಪಡೆದು ಭದ್ರತಾ ಪ್ಯಾಚ್ ಕೊಡುತ್ತದೆ, ಗರಿಷ್ಠ ಮೂರು ವರ್ಷ. ಪ್ರಕಟಿಸಿದ ದರ ಒಂದು ಯಂತ್ರಕ್ಕೆ ಮೊದಲ ವರ್ಷ 61 ಡಾಲರ್, ಎರಡನೇ ವರ್ಷ 122, ಮೂರನೇ ವರ್ಷ 244. ಒಟ್ಟು 427 ಡಾಲರ್. 25 ಯಂತ್ರಗಳಿದ್ದರೆ 10,675 ಡಾಲರ್. ಎರಡನೇ ವರ್ಷ ಸೇರಿಕೊಂಡರೂ ಮೊದಲ ವರ್ಷದ್ದನ್ನು ಕಟ್ಟಲೇಬೇಕು. ತಡ ಮಾಡಿದರೆ ಉಳಿತಾಯ ಇಲ್ಲ. ಇಂದಿನ ಡಾಲರ್ ದರದಿಂದ ಗುಣಿಸಿ, ಪಕ್ಕದಲ್ಲಿ ಹೊಸ ಕಂಪ್ಯೂಟರಿನ ಬೆಲೆ ಬರೆಯಿರಿ. ಒಂದೇ ಪುಟ ಸಾಕು.

ನಂತರ ಹೀಗೆ ಹೇಳಿ: "ಸರ್, 25 ಸಿಸ್ಟಂಗಳಲ್ಲಿ 14 ನೇರವಾಗಿ ವಿಂಡೋಸ್ 11ಕ್ಕೆ ಹೋಗುತ್ತವೆ, ಖರ್ಚಿಲ್ಲ. 6 ಬದಲಿಸಬೇಕು. ಉಳಿದ 5ಕ್ಕೆ ಒಂದು ವರ್ಷದ ಪ್ಯಾಚ್ ಕೊಂಡರೆ ಮುಂದಿನ ಬಜೆಟ್ಟಿನಲ್ಲಿ ಬದಲಿಸಬಹುದು." ಸಮಸ್ಯೆಯ ಜತೆಗೆ ಸಂಖ್ಯೆ, ಸಂಖ್ಯೆಯ ಜತೆಗೆ ದಾರಿ. ಹೀಗೆ ಮಾತಾಡಿದವರನ್ನು ಮಾಲೀಕರು ಮರೆಯುವುದಿಲ್ಲ.

9. ಹಳೆಯ ಸಾಫ್ಟ್‌ವೇರ್‌ಗೆ ಗೌರವವೂ ಇರಲಿ, ಗೋಡೆಯೂ ಇರಲಿ

ಅಪ್‌ಗ್ರೇಡ್ ನಿಲ್ಲುವುದು ಸಾಮಾನ್ಯವಾಗಿ ವಿಂಡೋಸ್‌ನಿಂದಲ್ಲ. ವೇಬ್ರಿಜ್ ಸಾಫ್ಟ್‌ವೇರ್, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್, ಬಾರ್‌ಕೋಡ್ ಯಂತ್ರ, ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಷ್ಟೇ ತೆರೆಯುತ್ತಿದ್ದ ಹಳೇ ಪೋರ್ಟಲ್, ಇವು ತಡೆಯುತ್ತವೆ. ಕೊನೆಯದಕ್ಕೆ ಎಡ್ಜ್ ಬ್ರೌಸರಿನಲ್ಲಿ ಐಇ ಮೋಡ್ ಇದೆ. ಕನಿಷ್ಠ 2029ರವರೆಗೆ ಅದನ್ನು ಉಳಿಸುವುದಾಗಿ ಮೈಕ್ರೋಸಾಫ್ಟ್ ಹೇಳಿದೆ. ಬಳಸಿ.

ಕನ್ನಡದ ಮುದ್ರಣ ಲೋಕದ ಕಷ್ಟ ಇನ್ನೂ ಆಳದ್ದು. ಮುದ್ರಣ ಕಾಶಿ ಎನಿಸಿದ ಗದಗದಿಂದ ಹಿಡಿದು ಬೆಂಗಳೂರಿನ ಪೇಟೆಯವರೆಗೆ ಎಷ್ಟೋ ಡಿಟಿಪಿ ಮೇಜುಗಳ ಮೇಲೆ ಇಂದಿಗೂ ಪೇಜ್‌ಮೇಕರ್ ಓಡುತ್ತದೆ. ಅದರ ಕೊನೆಯ ದೊಡ್ಡ ಆವೃತ್ತಿ, 7.0, ಬಂದದ್ದು 2001ರಲ್ಲಿ. ನುಡಿ, ಶ್ರೀಲಿಪಿಯ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಇಪ್ಪತ್ತು ವರ್ಷದ ಪುಸ್ತಕಗಳು ಆ ಯಂತ್ರದಲ್ಲಿವೆ. ಅಲ್ಲಿ ಕೂತಿರುವ ಅಣ್ಣ ಅಥವಾ ಅಕ್ಕನ ಬೆರಳಿಗೆ ಆ ಕೀಲಿಮಣೆ ಒಗ್ಗಿದೆ. ಅವರ ಕೌಶಲವನ್ನು ಹಳತು ಎಂದು ತಳ್ಳಿಹಾಕುವುದು ತಪ್ಪು. ಕನ್ನಡ ಪುಸ್ತಕಗಳು ಇಷ್ಟು ಅಗ್ಗವಾಗಿ, ಇಷ್ಟು ಬೇಗ ಹೊರಬಂದದ್ದು ಆ ಬೆರಳುಗಳಿಂದ.

ಹಾಗಾಗಿ ಹೀಗೆ ಮಾಡಿ. ಹಳೆಯ ಯಂತ್ರ ಒಂದಿರಲಿ, ಅದರಿಂದ ಇಂಟರ್ನೆಟ್ ತಂತಿ ಕಿತ್ತುಬಿಡಿ. ಹೊರಗಿನ ಪೆನ್‌ಡ್ರೈವ್ ನೇರವಾಗಿ ಚುಚ್ಚಬೇಡಿ, ಬೇರೆ ಯಂತ್ರದಲ್ಲಿ ಸ್ಕ್ಯಾನ್ ಮಾಡಿದ್ದನ್ನೇ ಹಾಕಿ. ಬಿಡುವಿನ ವೇಳೆಯಲ್ಲಿ ಹಳೇ ಫೈಲುಗಳನ್ನು ಯೂನಿಕೋಡ್‌ಗೆ ಬದಲಿಸುತ್ತಾ ಬನ್ನಿ. ಇಂದಿನ ಇನ್‌ಡಿಸೈನ್ ಪೇಜ್‌ಮೇಕರ್ ಫೈಲುಗಳನ್ನು ತೆರೆಯುವುದಿಲ್ಲ. ಸಿಎಸ್6ವರೆಗಿನವು ತೆರೆಯುತ್ತಿದ್ದವು. ಆ ಹಳೆಯ ಯಂತ್ರ ಒಂದು ದಿನ ಕೆಟ್ಟು ನಿಂತರೆ ಪುಸ್ತಕಗಳೇ ಕೈತಪ್ಪುತ್ತವೆ. ಇದನ್ನು ಮುಂದೂಡಬೇಡಿ.

10. ಬ್ಯಾಕಪ್ ಇಲ್ಲದೆ ಒಂದು ಬಟನ್ನೂ ಒತ್ತಬೇಡಿ

ಬೆಂಕಿ ಬಿದ್ದ ಮೇಲೆ ಬಾವಿ ತೋಡಲಾಗದು. ಟ್ಯಾಲಿ ಡೇಟಾ, ಮೇಲ್, ಡೆಸ್ಕ್‌ಟಾಪ್ ಮೇಲಿನ ಫೈಲುಗಳನ್ನು ಹೊರಗಿನ ಡಿಸ್ಕಿಗೆ ಇಳಿಸಿ. ಅದರಿಂದ ಒಂದು ಫೈಲನ್ನು ತೆರೆದೂ ನೋಡಿ. ಬಿಟ್‌ಲಾಕರ್ ಇದ್ದರೆ 48 ಅಂಕಿಯ ರಿಕವರಿ ಕೀ ಎಲ್ಲಿದೆ ಎಂದು ಮೊದಲೇ ಹುಡುಕಿಡಿ. ದೊಡ್ಡ ಆವೃತ್ತಿ ಹಿಡಿಸದಿದ್ದರೆ ಹಿಂದಕ್ಕೆ ಹೋಗಲು ವಿಂಡೋಸ್ ಸಾಮಾನ್ಯವಾಗಿ ಕೊಡುವುದು 10 ದಿನ. ಆ ದಿನಗಳಲ್ಲಿ ಎಲ್ಲ ಪರೀಕ್ಷೆ ಮುಗಿಸಿ.

11. ಮಾಡಿದ ಕೆಲಸವನ್ನು ಬರೆದು ತೋರಿಸಿ

ಈ ಜ್ಞಾನಕ್ಕೆ ಬೆಲೆಯಿದೆ. 2018ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕ್ ಎಲ್ಲ ಬ್ಯಾಂಕುಗಳಿಗೆ ಆದೇಶ ಕೊಟ್ಟಿತು: ಎಟಿಎಂಗಳಲ್ಲಿ ಸಪೋರ್ಟ್ ಮುಗಿದ ಆಪರೇಟಿಂಗ್ ಸಿಸ್ಟಂ ಇರಕೂಡದು. ಸೆಪ್ಟೆಂಬರಿಗೆ ಶೇಕಡ 25, ಡಿಸೆಂಬರಿಗೆ 50, ಮಾರ್ಚಿಗೆ 75, 2019ರ ಜೂನ್‌ಗೆ ಪೂರ್ತಿ. ಎಕ್ಸ್‌ಪಿ ಮುಗಿದು ನಾಲ್ಕು ವರ್ಷವಾದ ಮೇಲೆ ಬಂದ ಗಡುವದು. ನಿಯಂತ್ರಕರು ಬಾಗಿಲು ತಟ್ಟುವ ಮೊದಲೇ ಕೆಲಸ ಮುಗಿಸುವವರನ್ನು ಕಂಪನಿಗಳು ಹುಡುಕುತ್ತಿವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಸೂಕ್ತ ಭದ್ರತೆ ಇಟ್ಟುಕೊಳ್ಳದಿದ್ದರೆ 250 ಕೋಟಿ ರೂಪಾಯಿಯವರೆಗೆ ದಂಡವಿದೆ. ಗ್ರಾಹಕರ ಡೇಟಾ ಇರುವ ಯಂತ್ರಕ್ಕೆ ಪ್ಯಾಚ್ ಹಾಕುವುದು ಆ ಭದ್ರತೆಯ ಮೊದಲ ಮೆಟ್ಟಿಲು.

ವಿದ್ಯಾರ್ಥಿಯಾಗಿದ್ದರೆ ಕಾಲೇಜಿನ ಲ್ಯಾಬ್‌ನಿಂದ ಶುರು ಮಾಡಿ. ಲ್ಯಾಬ್ ಅಸಿಸ್ಟೆಂಟ್ ಬಳಿ ಹೋಗಿ "ಸರ್, ಪಟ್ಟಿ ನಾನು ಮಾಡಿಕೊಡ್ತೀನಿ" ಎನ್ನಿ. ಉದ್ಯೋಗಿಯಾಗಿದ್ದರೆ ರೆಸ್ಯೂಮೆಯಲ್ಲಿ "ಕಂಪ್ಯೂಟರ್ ಜ್ಞಾನವಿದೆ" ಎಂಬ ಸಾಲನ್ನು ಅಳಿಸಿ. ಎಷ್ಟು ಯಂತ್ರಗಳನ್ನು, ಎಷ್ಟು ವಾರಗಳಲ್ಲಿ, ಒಂದು ದಿನದ ಬಿಲ್ಲಿಂಗೂ ನಿಲ್ಲದಂತೆ ಬದಲಿಸಿದಿರಿ ಎಂದು ಬರೆಯಿರಿ.

ನಾಳೆ ಬೆಳಗ್ಗೆ ಆಫೀಸಿಗೆ ಹೋದ ಕೂಡಲೇ ವಿಂಡೋಸ್ ಕೀ ಜತೆ ಆರ್ ಒತ್ತಿ. ಇಂಗ್ಲಿಷ್ ಅಕ್ಷರಗಳಲ್ಲಿ ಡಬ್ಲ್ಯು-ಐ-ಎನ್-ವಿ-ಇ-ಆರ್ ಎಂದು ಟೈಪ್ ಮಾಡಿ ಎಂಟರ್ ಕೊಡಿ. ಆವೃತ್ತಿಯ ಹೆಸರು ಕಣ್ಣೆದುರಿಗೆ ಬರುತ್ತದೆ. ಅಲ್ಲಿ 24ಎಚ್2 ಎಂದಿದ್ದು, ನಿಮ್ಮದು ಹೋಂ ಅಥವಾ ಪ್ರೊ ಆಗಿದ್ದರೆ, ಅದರ ಕೊನೆಯ ದಿನ 2026ರ ಅಕ್ಟೋಬರ್ 13.